ಅಪ್ಪಯ್ಯನ ಕಿವಿ ಮಷೀನು: ಈ ಮಳೆಗಾಲದ ರಿಪೇರಿ ಪುಸ್ತಕ

ಜೂನ್ 14

ಬೆಳಿಗ್ಗೆ ತಿಂಡಿಗೆ ಕರೆದೆ. ಅಪ್ಪಯ್ಯ ಏಳಲಿಲ್ಲ. ಜಗಲಿಯಲ್ಲಿ ಪೇಪರು ಹಿಡಿದುಕೊಂಡು ಕೂತೇ ಇದ್ದರು. ಹತ್ತಿರ ಹೋಗಿ ಭುಜ ಮುಟ್ಟಿದರೆ, "ಎಂತದೂ ಇಲ್ಲೆ ಕೂಸೇ" ಅಂದರು. ನಾನು ಏನೂ ಕೇಳಿರಲಿಲ್ಲ. ಅಲ್ಲಿಗೆ ಗೊತ್ತಾಯಿತು, ಮಷೀನು ನಿಂತಿದೆ. ನಿಂತರೆ ಅವರಾಗಿಯೇ ಹೇಳುವುದಿಲ್ಲ, ಮಾತು ಕಡಿಮೆ ಮಾಡಿಬಿಡುತ್ತಾರೆ.

ಇರುವುದು ಒಂದೇ ಮಷೀನು, ಎಡಗಿವಿಗೆ. ಕಿವಿಯ ಹಿಂದೆ ಕೂರುವ ಬಗೆ, ಬಿಟಿಇ ಅಂತಾರಲ್ಲ, ಅದು. ಮಷೀನಿನ ತುದಿಯಲ್ಲೊಂದು ಕೊಕ್ಕೆ, ಕೊಕ್ಕೆಗೆ ಸಿಕ್ಕಿಸಿದ ಪಾರದರ್ಶಕ ಟ್ಯೂಬು, ಟ್ಯೂಬಿನ ಕೊನೆಗೆ ಕಿವಿಯ ಅಳತೆಗೆ ಮಾಡಿದ ಅಚ್ಚು. ಕೊಟ್ಟವರು ಶಿವಮೊಗ್ಗದಲ್ಲಿದ್ದಾರೆ. ಸಾಗರದಿಂದ 70 ಕಿಲೋಮೀಟರ್ ಚಿಲ್ಲರೆ, ನಮ್ಮ ಊರಿಂದ ಸಾಗರಕ್ಕೆ ಬರುವುದು ಬೇರೆ. ಹೋದ ಮಳೆಗಾಲದಲ್ಲಿ 4 ಸಲ ಅಪ್ಪಯ್ಯನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದೆ. ಅದರಲ್ಲಿ 3 ಸಲ ಅವರು ಮಾಡಿದ್ದು ಐದೇ ನಿಮಿಷದ ಕೆಲಸ. ಒಂದು ಸಲ ಸೆಲ್ ಬದಲಾಯಿಸಿದರು, ಒಂದು ಸಲ ಟ್ಯೂಬಿನ ನೀರು ಊದಿದರು, ಇನ್ನೊಂದು ಸಲ ಬ್ರಷ್ಷಿನಲ್ಲಿ ಧೂಳು ತೆಗೆದರು. 78 ವರ್ಷದವರನ್ನು ಅಷ್ಟಕ್ಕೆ ಮಳೆಯಲ್ಲಿ ಅಲೆಸಿದೆನಲ್ಲಾ ಅಂತ ಹೊಟ್ಟೆ ಉರಿದಿತ್ತು. ಹಾಗಾಗಿ ಈ ವರ್ಷ ಮಳೆ ಹಿಡಿಯುವ ಮೊದಲೇ ಅಲ್ಲಿ ಹೋಗಿ, ಮನೆಯಲ್ಲಿ ಮಾಡಬಹುದಾದದ್ದನ್ನೆಲ್ಲ ಕೇಳಿ ಕಲಿತು ಬಂದೆ. ಒಂದು ಬ್ಲೋವರ್, ಮೆತ್ತನೆ ಬ್ರಷ್, ನಾಲ್ಕು ಹೊಸ ಟ್ಯೂಬು ತಂದಿಟ್ಟುಕೊಂಡೆ.

ಮೊದಲ ಪರೀಕ್ಷೆ ತುಂಬ ಸುಲಭ. ಮಷೀನು ಆನ್ ಮಾಡಿ, ಅಂಗೈಯಲ್ಲಿ ಗುಬ್ಬಚ್ಚಿ ಮುಚ್ಚಿಟ್ಟ ಹಾಗೆ ಮುಚ್ಚಬೇಕು. ಕುಂಯ್ ಅಂತ ಕೂಗಿದರೆ ಜೀವ ಇದೆ. ಇವತ್ತು ಕೂಗಲಿಲ್ಲ. ಸೆಲ್ ತೆಗೆದು ಮಲ್ಟಿಮೀಟರ್ ಹಿಡಿದರೆ 1.3 ವೋಲ್ಟ್ ತೋರಿಸಿತು. ಸೆಲ್ ಚೆನ್ನಾಗಿದೆ ಅಂದುಕೊಂಡು ಅರ್ಧ ಗಂಟೆ ಬೇರೆಲ್ಲ ಕಡೆ ಹುಡುಕಿದೆ. ಈ ಜಿಂಕ್ ಏರ್ ಸೆಲ್‌ಗಳು ಕೆಲಸ ಕೊಡದೆ ಸುಮ್ನೆ ಅಳೆದರೆ ಸುಳ್ಳು ಹೇಳುತ್ತವೆ. ಆಮೇಲೆ ಸೆಲ್‌ಗೆ ಕೆಲಸ ಕೊಡಲು 1 ಕಿಲೋ ಓಮ್ ರೆಸಿಸ್ಟರ್ ಅಡ್ಡ ಹಾಕಿ ಅಳೆದೆ. ಒಂದು ವೋಲ್ಟಿಗಿಂತ ಕೆಳಗೆ ಬಿತ್ತು.

ಕಿತ್ತಳೆ ಬಣ್ಣದ ಸ್ಟಿಕ್ಕರಿನ 13 ನಂಬರ್ ಸೆಲ್ ಹೊಸದು ಹಾಕಿದೆ. ಸ್ಟಿಕ್ಕರ್ ಕಿತ್ತ ಕೂಡಲೇ ಹಾಕಲಿಲ್ಲ, ಐದು ನಿಮಿಷ ಮೇಜಿನ ಮೇಲೆ ಬಿಟ್ಟೆ. ಅದರ ಬೆನ್ನಿನ ಸಣ್ಣ ತೂತುಗಳಿಂದ ಗಾಳಿ ಒಳಗೆ ಹೋಗಿ ಸತುವಿಗೆ ಸೇರಿದರೇ ಅದು ಪೂರ್ತಿ ಎಚ್ಚರವಾಗುವುದು. ಅಂಗೈಯಲ್ಲಿ ಮುಚ್ಚಿದೆ. ಕೂಗಿತು.

ಜೂನ್ 23

ಇದೇನು, 9 ದಿನದಲ್ಲಿ ಎರಡನೇ ಸೆಲ್? ಬೇಸಿಗೆಯಲ್ಲಿ 12 ದಿನ ಬರುತ್ತಿತ್ತು. ಅಪ್ಪಯ್ಯನನ್ನು ಕೂರಿಸಿ ನಿಧಾನವಾಗಿ ಕೇಳಿದೆ. ಎರಡು ವಿಷಯ ಹೊರಗೆ ಬಂತು. ಹೊಸ ಸೆಲ್‌ಗಳನ್ನು ಫ್ರಿಜ್ಜಿನಲ್ಲಿ ಇಟ್ಟಿದ್ದಾರೆ, ಕೆಡದೆ ಇರಲಿ ಅಂತ. ರಾತ್ರಿ ಸೆಲ್ ತೆಗೆದು ಹಳೇ ಸ್ಟಿಕ್ಕರನ್ನೇ ಮತ್ತೆ ಅಂಟಿಸುತ್ತಿದ್ದಾರೆ, ಉಳಿತಾಯಕ್ಕೆ.

ಫ್ರಿಜ್ಜಿನಿಂದ ತೆಗೆದರೆ ಸೆಲ್ ಮೇಲೆ ನೀರು ಕೂರುತ್ತದೆ. ಆ ನೀರು ಗಾಳಿಯ ತೂತಿಗೇ ಅಡ್ಡ. ಒಮ್ಮೆ ಗಾಳಿ ಸೋಕಿದ ಮೇಲೆ ಸ್ಟಿಕ್ಕರ್ ವಾಪಸ್ ಅಂಟಿಸಿ ಪ್ರಯೋಜನವಿಲ್ಲ. ಸೆಲ್‌ಗಳನ್ನು ಬೀರುವಿಗೆ ಸಾಗಿಸಿದೆ. ಮುಗಿದ ಸೆಲ್‌ಗಳಿಗೆ ಬೇರೆ ಡಬ್ಬಿ, ಮುಚ್ಚಳ ಬಿಗಿ ಇರುವಂಥದ್ದು. ರಜೆಗೆ ಅಕ್ಕನ ಮಗು ಬರುತ್ತದೆ, ಇವು ಬಾಯಿಗೆ ಹೋದರೆ ಕೂಡಲೇ ಆಸ್ಪತ್ರೆಗೆ ಓಡಬೇಕು.

ಸೆಲ್ ಕೂರುವ ಜಾಗದ ಪತ್ತಿಯ ಮೇಲೆ ಬಿಳಿ ಪುಡಿ ಕಟ್ಟಿತ್ತು. ಒಣ ಹತ್ತಿ ಕಡ್ಡಿಯಲ್ಲಿ ಒರೆಸಿದೆ.

ಜುಲೈ 2

ಮಳೆ ಜೋರು. ಮಧ್ಯಾಹ್ನ ದನಿ ಬಂದು ಬಂದು ಹೋಗುತ್ತಿದೆ ಅಂದರು. ಈ ಸಲ ಅವರಾಗಿಯೇ ಹೇಳಿದರು. ಅದೇ ನನಗೆ ದೊಡ್ಡದು.

ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಬಾಗಿದ ಕಡೆ ಒಂದು ಹನಿ, ಸಾಸಿವೆ ಕಾಳಿನಷ್ಟು. ಮಷೀನು ಓರೆ ಮಾಡಿದರೆ ಹನಿ ಸ್ವಲ್ಪ ಜಾರಿ ಮತ್ತೆ ಅಡ್ಡ ನಿಲ್ಲುತ್ತಿತ್ತು. ಕಿವಿಯೊಳಗಿನ ಬೆಚ್ಚಗಿನ ಗಾಳಿ ತಣ್ಣನೆಯ ಟ್ಯೂಬಿಗೆ ಬಂದು ನೀರಾಗುತ್ತದೆ, ಪಾತ್ರೆ ಮುಚ್ಚಳದಲ್ಲಿ ಹನಿ ಕಟ್ಟುವ ಹಾಗೆ. ಕೊಕ್ಕೆಯಿಂದ ಟ್ಯೂಬು ಬಿಡಿಸಿ ಬ್ಲೋವರ್ ಒತ್ತಿದೆ. ಹನಿ ಅಚ್ಚಿನ ತುದಿಯಿಂದ ಹೊರಗೆ ಹಾರಿತು. ಬಿಡಿಸದೆ ಊದಿದರೆ ನೀರು ಮಷೀನಿನ ಒಳಗೇ ಹೋದೀತು. ಬಾಯಲ್ಲಿ ಊದಲೂಬಾರದು, ನಮ್ಮ ಉಸಿರಲ್ಲೇ ತೇವ ಇದೆ.

ಅಚ್ಚನ್ನೂ ಬೇರೆ ಮಾಡಿದ್ದೆನಲ್ಲ, ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆದೆ. ತುದಿಯಲ್ಲಿ ಗುಗ್ಗೆ ಕಟ್ಟಿತ್ತು. ರಾತ್ರಿಯಿಡೀ ಬಟ್ಟೆ ಮೇಲೆ ಒಣಗಲಿ.

ಜುಲೈ 9

ತೇವ ಹೀರುವ ಸಿಲಿಕಾ ಜೆಲ್ ಕಾಳು ಬಂತು, ಕಿತ್ತಳೆ ಬಣ್ಣದ್ದು. ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿ, ಮೇಲೊಂದು ಜಾಲರಿ ಬಟ್ಟೆ. ರಾತ್ರಿ ಸೆಲ್ ತೆಗೆದು, ಸೆಲ್ ಬಾಗಿಲು ತೆರೆದು, ಮಷೀನು ಅದರೊಳಗೆ. ಸೆಲ್ ಮಾತ್ರ ಹೊರಗೆ, ಇಲ್ಲದಿದ್ದರೆ ಅದೂ ಒಣಗಿ ಬೇಗ ಸಾಯುತ್ತದೆ. ಕಾಳು ಹಸಿರಾದರೆ ನೀರು ಕುಡಿದಿದೆ ಅಂತ. ಹಳೇ ತಗಡಿನ ತಟ್ಟೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಿತ್ತಳೆ. ಅಡುಗೆ ಪಾತ್ರೆ ಬೇಡ. ಅಕ್ಕಿ ಡಬ್ಬಿಯಲ್ಲಿ ಹೂತಿಡಿ ಅಂತ ಪಕ್ಕದ ಮನೆಯ ಅತ್ತಿಗೆ ಹೇಳಿದರು. ಅಕ್ಕಿಯ ಧೂಳು ಮೈಕಿನ ತೂತಿಗೆ ಹೋದರೆ ಅದು ಇನ್ನೊಂದು ಕೆಲಸ.

ಜುಲೈ 21

ಇವತ್ತು ಬೇಸರವಾಯಿತು. ಬಾಟಲಿ ನೆನಪಿದ್ದೂ ಅಪ್ಪಯ್ಯ ಮಷೀನನ್ನು ಬಚ್ಚಲೊಲೆ ಕಟ್ಟೆಯ ಮೇಲೆ ಇಟ್ಟಿದ್ದರು. ನಮ್ಮಲ್ಲಿ ಮಳೆಗಾಲದಲ್ಲಿ ಬಟ್ಟೆ, ಕಂಬಳಿ, ಎಲ್ಲ ಒಣಗುವುದು ಅಲ್ಲೇ. ಅವರ ಲೆಕ್ಕದಲ್ಲಿ ಅದು ಸರಿ. ನಾನು ಮೊದಲೇ ಹೇಳಬೇಕಿತ್ತು. ಮಷೀನು ಉಳಿದಿದೆ, ಟ್ಯೂಬು ಹಳದಿಯಾಗಿ ಕಡ್ಡಿಯ ಹಾಗೆ ಗಟ್ಟಿಯಾಗಿದೆ. ಕಿವಿಗೆ ಹಾಕಿದರೆ ಬಿಡದೆ ಕೂಗುತ್ತಿದೆ.

ಕೂಗು ಎಲ್ಲಿಂದ ಅಂತ ಹುಡುಕುವ ದಾರಿ ನನಗೆ ತುಂಬ ಇಷ್ಟವಾಯಿತು. ಅಚ್ಚಿನ ತುದಿಯ ತೂತನ್ನು ಬೆರಳಲ್ಲಿ ಒತ್ತಿ ಮುಚ್ಚಿ. ಕೂಗು ನಿಂತರೆ ಟ್ಯೂಬು, ಕೊಕ್ಕೆ ಸರಿ ಇವೆ, ಅಚ್ಚು ಕಿವಿಯಲ್ಲಿ ಸರಿ ಕೂತಿಲ್ಲ ಅಥವಾ ಕಿವಿಯಲ್ಲಿ ಗುಗ್ಗೆ ಇದೆ. ನಿಲ್ಲದಿದ್ದರೆ ಟ್ಯೂಬು ಬಿಡಿಸಿ ಕೊಕ್ಕೆಯ ತೂತು ಮುಚ್ಚಿ. ಈಗ ನಿಂತರೆ ತಪ್ಪು ಟ್ಯೂಬಿನದು. ಆಗಲೂ ಕೂಗಿದರೆ ಕೊಕ್ಕೆಯಲ್ಲೋ ಮಷೀನಿನ ಒಳಗೋ ತೊಂದರೆ, ಅದು ಶಿವಮೊಗ್ಗದ ಕೆಲಸ. ನಮ್ಮದು ಕೊಕ್ಕೆ ಮುಚ್ಚಿದಾಗ ನಿಂತಿತು. ಟ್ಯೂಬನ್ನು ಬಗ್ಗಿಸಿ ನೋಡಿದೆ, ಕೊಕ್ಕೆ ಸೇರುವ ಕಡೆ ಕೂದಲೆಳೆಯ ಸೀಳು.

ಹಳೇ ಟ್ಯೂಬನ್ನು ತಿರುಚಿ ಎಳೆದರೆ ಅಚ್ಚಿನಿಂದ ಬಂತು. ಹೊಸದರ ಉದ್ದ ತುದಿಯನ್ನು ಬ್ಲೇಡಿನಲ್ಲಿ ಪೆನ್ಸಿಲ್ ಹೆರೆದ ಹಾಗೆ ಓರೆಯಾಗಿ ಕತ್ತರಿಸಿ, ಅಚ್ಚಿನ ಹೊರಬದಿಯಿಂದ ತೂರಿಸಿ, ಕಿವಿಯೊಳಗೆ ಹೋಗುವ ತುದಿಯಿಂದ ಎಳೆದೆ. ಬಿಗಿ ಇತ್ತು, ಒಂದು ನೈಲಾನ್ ದಾರ ಕಟ್ಟಿ ಎಳೆಯಬೇಕಾಯಿತು. ಟ್ಯೂಬಿನ ಬಾಗು ಅಚ್ಚಿಗೆ ತಾಗಿ ನಿಲ್ಲಬೇಕು, ಬಾಗಿದ ತುದಿ ಕಿವಿಯ ಮೇಲ್ಭಾಗದ ಕಡೆ ನೋಡಬೇಕು. ಒಳತುದಿಯಲ್ಲಿ ಉಳಿದದ್ದನ್ನು ಅಚ್ಚಿಗೆ ಸಮ ಕತ್ತರಿಸಿದೆ. ಚೂರು ಹೊರಗೆ ಉಳಿದರೂ ಕಿವಿಗೆ ಚುಚ್ಚುತ್ತದೆ.

ತಪ್ಪಿದ್ದು ಮೇಲಿನ ಉದ್ದದಲ್ಲಿ. ಹಳೇ ಟ್ಯೂಬು ಪಕ್ಕ ಇಟ್ಟು ಅಳತೆ ತೆಗೆದೆ. ಅದು ಒಲೆಯ ಬಿಸಿಗೆ ಕುಗ್ಗಿತ್ತು ಅಂತ ಹೊಳೆಯಲಿಲ್ಲ. ಹೊಸದು ಗಿಡ್ಡವಾಗಿ ಅಚ್ಚನ್ನು ಮೇಲಕ್ಕೆ ಎಳೆದು ಮತ್ತೆ ಕೂಗು. ಎರಡನೇ ಟ್ಯೂಬಿಗೆ ಅಚ್ಚನ್ನು ಅಪ್ಪಯ್ಯನ ಕಿವಿಗೆ ಹಾಕಿ, ಮಷೀನು ಹಿಂದೆ ಕೂರಿಸಿ, ಕೊಕ್ಕೆಯ ತುದಿ ಬರುವ ಕಡೆ ಪೆನ್ನಿನಲ್ಲಿ ಗುರುತು ಹಾಕಿ, ಸಿಕ್ಕಿಸಲು ಬೇಕಾದಷ್ಟು ಬಿಟ್ಟು ಕತ್ತರಿಸಿದೆ. ಅವರು ಅಷ್ಟು ಹೊತ್ತೂ ಕತ್ತು ಅಲ್ಲಾಡಿಸದೆ ಕೂತಿದ್ದರು. ಕೂಗು ಪೂರ್ತಿ ನಿಂತಿದೆ.

ಆಗಸ್ಟ್ 6

ಬೆಳಿಗ್ಗೆ: "ಮಾತು ಕೇಳ್ತಿಲ್ಲೆ, ಗುಂಯ್ ಅಂತ ಮಾತ್ರ ಕೇಳ್ತು." ಇನ್ವರ್ಟರ್ ಪಕ್ಕ ನಿಂತರೆ ಜಾಸ್ತಿ, ತೋಟಕ್ಕೆ ಹೋದರೆ ಇಲ್ಲ. ಸೆಲ್ ಸರಿ, ಟ್ಯೂಬು ಸರಿ. ಆಮೇಲೆ ಸ್ವಿಚ್ ನೋಡಿದೆ. ಎಂ, ಟಿ, ಓ ಅಂತ ಮೂರು ಜಾಗ. ಎಂ ಅಂದರೆ ಮೈಕು, ಓ ಅಂದರೆ ಆಫ್. ಟಿ ಅಂದರೆ ಟೆಲಿಕಾಯಿಲ್, ಅಲ್ಲಿ ಮೈಕು ಬಂದ್ ಆಗಿ ಒಳಗಿನ ಸುರುಳಿ ಸುತ್ತಲಿನ ಕಾಂತಕ್ಷೇತ್ರ ಹಿಡಿಯುತ್ತದೆ. ಇನ್ವರ್ಟರಿನ ಗುಂಯ್ ಅದೇ. ಎಂ ಕಡೆಗೆ ಒಂದು ಚುಕ್ಕಿ ಕೆಂಪು ನೇಲ್ ಪಾಲಿಶ್ ಹಚ್ಚಿದೆ, ಯಾವ ತೂತಿಗೂ ತಾಗದ ಹಾಗೆ.

ಆಗಸ್ಟ್ 25

ಈ ವಾರ ದನಿ ಮಂಕಾಗಿದೆ ಅಂತ ನನಗೇ ಗುಮಾನಿ. ಅಪ್ಪಯ್ಯ ದಿನಾ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ, ಆಮೇಲೆ ವಿಭೂತಿ. ಬೆಳಕಿಗೆ ಹಿಡಿದರೆ ಮೈಕಿನ ಎರಡು ತೂತಲ್ಲಿ ಒಂದರ ಬಾಯಿ ಎಣ್ಣೆ ಪುಡಿ ಸೇರಿ ಮುಚ್ಚಿತ್ತು. ತೂತು ನೆಲ ನೋಡುವ ಹಾಗೆ ಹಿಡಿದು, ಒಣ ಬ್ರಷ್ಷಿನಿಂದ ಮೆಲ್ಲಗೆ ಕೆಡವಿದೆ. ಪಿನ್ನು ಹಾಕಿದರೆ ಮೈಕೇ ಹರಿದುಹೋಗುತ್ತದೆ. ಇನ್ನು ಮೇಲೆ ಎಣ್ಣೆ ಮೊದಲು, ವಿಭೂತಿ ಆಮೇಲೆ, ಕೈ ತೊಳೆದು ಕೊನೆಗೆ ಮಷೀನು.

ಕಣ್ಣಿಗೆ ಕಾಣದ ಇಂಥ ಮಂಕನ್ನು ಹಿಡಿಯಲು ದಿನಾ ಬೆಳಿಗ್ಗೆ ಆರು ಸದ್ದಿನ ಪರೀಕ್ಷೆ ಶುರು ಮಾಡಿದ್ದೇನೆ. ಕಿವುಡು ಮಕ್ಕಳಿಗೆ ಮಾತು ಕಲಿಸುವುದರಲ್ಲೇ ಕೆಲಸ ಮಾಡಿದ ಡೇನಿಯಲ್ ಲಿಂಗ್ ಅವರು ರೂಪಿಸಿದ್ದು. ಮ್, ಊ, ಆ, ಈ, ಶ್, ಸ್. ತಗ್ಗಿನ ಸದ್ದಿನಿಂದ ಎತ್ತರದ ಸದ್ದಿನವರೆಗೆ, ಮಾತಿನ ಎಲ್ಲ ಹಂತ ಅದರಲ್ಲಿ ಬರುತ್ತದೆ. ನಾನು ಮೂರಡಿ ದೂರ ನಿಂತು, ತುಟಿ ಕಾಣದ ಹಾಗೆ ಪೇಪರು ಅಡ್ಡ ಹಿಡಿದು, ಕ್ರಮ ತಪ್ಪಿಸಿ ಹೇಳುತ್ತೇನೆ. ಕೇಳಿದ್ದನ್ನು ಅವರು ತಿರುಗಿ ಹೇಳಬೇಕು. ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ಬ್ರಷ್ ಮಾಡುವ ಮೊದಲು 6ರಲ್ಲಿ 4, ಮಾಡಿದ ಮೇಲೆ 5. ತಪ್ಪುವುದು ಸ್.

ಸೆಪ್ಟೆಂಬರ್ 12

ಮತ್ತೆ ಕೂಗು. ಅಚ್ಚಿನ ತೂತು ಮುಚ್ಚಿದರೆ ನಿಲ್ಲುತ್ತದೆ, ಅಂದರೆ ಟ್ಯೂಬು ಚೆನ್ನಾಗಿದೆ. ಕಿವಿಯಲ್ಲಿ ಗುಗ್ಗೆ ಇರಬಹುದು. ಅದನ್ನು ನಾನು ಮುಟ್ಟುವುದಿಲ್ಲ, ಕಡ್ಡಿ ಹಾಕುವುದೂ ಇಲ್ಲ, ಎಣ್ಣೆ ಬಿಡುವುದೂ ಇಲ್ಲ. ಸಾಗರದಲ್ಲಿ ಕಿವಿ ಡಾಕ್ಟರಿಗೆ ತೋರಿಸಿದೆವು. ಗುಗ್ಗೆ ಸ್ವಲ್ಪವೇ ಇತ್ತು, ತೆಗೆದರು. ಕೂಗು ಕಮ್ಮಿಯಾಯಿತು, ನಿಲ್ಲಲಿಲ್ಲ. ಹಾಗಾದರೆ ಅಚ್ಚೇ ಸಡಿಲ. ಅಪ್ಪಯ್ಯ ಈ ಎರಡು ವರ್ಷದಲ್ಲಿ ತೆಳ್ಳಗಾಗಿದ್ದಾರೆ, ಕಿವಿಯೂ ಬದಲಾಗಿದೆ. ಹೊಸ ಅಚ್ಚಿಗೆ ಕಿವಿಯ ಪಡಿಯಚ್ಚು ತೆಗೆಯಬೇಕು. ಅದಕ್ಕೆ ಶಿವಮೊಗ್ಗಕ್ಕೇ ಹೋಗಬೇಕು.

ಜೂನ್‌ನಿಂದ ಇದೇ ಮೊದಲ ಸಲ ಹೋಗುತ್ತಿರುವುದು. ಗುರುವಾರ ಬೆಳಗಿನ ಬಸ್ಸು. ಕ್ಯಾಲೆಂಡರ್ ಹಾಳೆಗಳನ್ನೂ ಚೀಲಕ್ಕೆ ಹಾಕಿದ್ದೇನೆ. ಸ್ ಯಾವತ್ತು ಕೇಳಿತು, ಯಾವತ್ತು ಇಲ್ಲ ಅಂತ ಅಲ್ಲಿ ತೋರಿಸಬೇಕು. ಇವತ್ತು ಬೆಳಿಗ್ಗೆ ಅಪ್ಪಯ್ಯ ಅಚ್ಚನ್ನು ಬೆರಳಲ್ಲಿ ಒತ್ತಿ ಹಿಡಿದುಕೊಂಡು ಕೂತರು. ಆರೂ ಸದ್ದು ತಿರುಗಿ ಹೇಳಿದರು.