ಗೊತ್ತಿತ್ತಲ್ಲ, ಹೇಳಿಕಳಿಸಲಿಲ್ಲ ಯಾಕೆ?

ಈ ವಾರ ನಮ್ಮ ಕನ್ನಡ ಕೂಟದ ಹಿರಿಯ ಮಹಿಳೆಯೊಬ್ಬರಿಗೆ ಖಾಸಗಿ ಸಂಸ್ಥೆಯೊಂದರಿಂದ ಕಾಗದ ಬಂತು. ತೀರಿಕೊಂಡ ಅವರ ಯಜಮಾನರ ಹೆಸರಿನಲ್ಲಿ ಅಮೆರಿಕದ ಬೇರೊಂದು ರಾಜ್ಯದ ಸರ್ಕಾರದ ಬಳಿ ಹಣವಿದೆ, ಒಪ್ಪಂದಕ್ಕೆ ಸಹಿ ಹಾಕಿ ಕಳಿಸಿದರೆ ತಮ್ಮ ಪಾಲು ಹಿಡಿದುಕೊಂಡು ಉಳಿದದ್ದನ್ನು ಕೊಡಿಸುತ್ತೇವೆ ಎಂಬುದು ಅದರ ಸಾರಾಂಶ. ಮಗ ಕಾಗದ ಓದಿದ ತಕ್ಷಣ ಮೋಸ ಎಂದು ಹೇಳಿ ಹರಿದುಹಾಕಲು ಹೊರಟಿದ್ದ. ತಾಯಿ ಅದನ್ನು ಇಸಿದುಕೊಂಡು ನನಗೆ ಫೋನ್ ಮಾಡಿದರು.

ಇಂಥ ಕಾಗದಗಳೆಲ್ಲವೂ ಮೋಸವಲ್ಲ. ಅಮೆರಿಕದಲ್ಲಿ ನಗದಾಗದ ಸಂಬಳದ ಚೆಕ್ಕು, ಮರೆತುಹೋದ ಬ್ಯಾಂಕ್ ಖಾತೆ, ವಿದ್ಯುತ್ ಸಂಪರ್ಕಕ್ಕೆ ಕಟ್ಟಿದ ಠೇವಣಿ, ವಿಮೆಯ ಹಣ ಮುಂತಾದವು ನಿಗದಿತ ಅವಧಿಯವರೆಗೆ ಯಾರೂ ಕೇಳದೆ ಉಳಿದರೆ ಕಂಪನಿಯು ಅವನ್ನು ತನ್ನಲ್ಲೇ ಇಟ್ಟುಕೊಳ್ಳುವಂತಿಲ್ಲ, ರಾಜ್ಯ ಸರ್ಕಾರಕ್ಕೆ ಒಪ್ಪಿಸಬೇಕು. ಕ್ಯಾಲಿಫೋರ್ನಿಯಾದಲ್ಲಿ ಈ ಅವಧಿ ಬಹುಪಾಲು ಹಣಕ್ಕೆ 3 ವರ್ಷ, ಸಂಬಳಕ್ಕೆ 1 ವರ್ಷ. ಬೇರೆ ರಾಜ್ಯಗಳ ಲೆಕ್ಕ ಬೇರೆ. ಒಪ್ಪಿಸಿದ ಮಾತ್ರಕ್ಕೆ ಹಣ ಸರ್ಕಾರದ್ದಾಗಿಬಿಡುವುದಿಲ್ಲ, ಸಾಮಾನ್ಯವಾಗಿ ಎಷ್ಟು ವರ್ಷ ಕಳೆದರೂ ಹಕ್ಕುದಾರರು ಕೇಳಬಹುದು. ಹುಡುಕುವುದಕ್ಕಾಗಲಿ ಕೇಳುವುದಕ್ಕಾಗಲಿ ಸರ್ಕಾರ ಕಾಸು ಕೇಳುವುದಿಲ್ಲ. ಆದ್ದರಿಂದ ಸಹಿ ಹಾಕುವ ಮೊದಲು, ಇಂಥ ಹಣದ ಹಕ್ಕುದಾರರ ಹೆಸರುಗಳಿರುವ ಆ ರಾಜ್ಯದ ಪಟ್ಟಿಯನ್ನು ಅದರ ತಾಣದಲ್ಲಿ ನಾವೇ ನೋಡೋಣ ಎಂದೆ.

ಅವರ ಯಜಮಾನರನ್ನು ನಾವೆಲ್ಲ ಕರೆಯುತ್ತಿದ್ದ ಹೆಸರಿನಿಂದ ಹುಡುಕಿದರೆ ಏನೂ ಸಿಗಲಿಲ್ಲ. ತಂದೆಯ ಹೆಸರನ್ನು ಕೊನೆಗೆ ಸೇರಿಸಿದರೂ ಇಲ್ಲ. ಆಗ ಆಕೆ, ಮೊದಲ ಕಂಪನಿಯವರು ಪಾಸ್‌ಪೋರ್ಟ್ ನೋಡಿ ಊರಿನ ಹೆಸರನ್ನೇ ಕೊನೆಯ ಹೆಸರಾಗಿ ಬರೆದುಕೊಂಡಿದ್ದರು ಎಂದು ನೆನಪಿಸಿಕೊಂಡರು. ಊರಿನ ಹೆಸರನ್ನು ಒಂದಕ್ಷರ ತಪ್ಪಾಗಿ ಬರೆದು ಹುಡುಕಿದಾಗ ಒಂದೇ ಒಂದು ಸಾಲು ಬಂತು: ಮೊದಲು ಊರು, ಆಮೇಲೆ ಬರಿಯ ಇನಿಷಿಯಲ್ಲು, ಪಕ್ಕದಲ್ಲಿ ಅವರು ಈ ದೇಶಕ್ಕೆ ಬಂದಾಗ ಇದ್ದ ಅಪಾರ್ಟ್‌ಮೆಂಟಿನ ವಿಳಾಸ, 'ಸಂಬಳ' ಎಂಬ ವಿವರ, ಮೊತ್ತದ ಜಾಗದಲ್ಲಿ '100 ಡಾಲರ್‌ಗಿಂತ ಹೆಚ್ಚು' ಎಂಬಷ್ಟೇ ಮಾತು. ಆಕೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಆ ಸಾಲನ್ನು ಓದಿದರು. ಬಳಿಕ ಕೇಳಿದರು: "ಇವರ ಹೆಸರು, ಮನೆ ನಂಬರು ಎಲ್ಲ ಸರ್ಕಾರಕ್ಕೆ ಗೊತ್ತಿತ್ತಲ್ಲ, ಹೇಳಿಕಳಿಸಲಿಲ್ಲ ಯಾಕೆ?"

ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಿಯಮದ ಉತ್ತರ ನನಗೆ ಗೊತ್ತಿತ್ತು, ಅದನ್ನೇ ಹೇಳಿದೆ. ಹಣವನ್ನು ಸರ್ಕಾರಕ್ಕೆ ಒಪ್ಪಿಸುವ ಮುಂಚೆ ಕಂಪನಿಯು ಹಕ್ಕುದಾರರಿಗೆ ಒಂದು ಪತ್ರ ಬರೆಯಬೇಕು. ಆದರೆ ಆ ಪತ್ರ ಹೋಗುವುದು ಕಂಪನಿಯ ಪುಸ್ತಕದಲ್ಲಿರುವ ಕೊನೆಯ ವಿಳಾಸಕ್ಕೆ, ಅಂದರೆ ಯಾವ ಮನೆ ಬಿಟ್ಟದ್ದರಿಂದ ಚೆಕ್ಕು ಕೈತಪ್ಪಿತೋ ಅದೇ ಮನೆಗೆ. ಕೆಲಸ ಸಿಕ್ಕಲ್ಲಿಗೆ ಸಂಸಾರ ಹೊತ್ತುಕೊಂಡು ರಾಜ್ಯದಿಂದ ರಾಜ್ಯಕ್ಕೆ ಹೋದ ನಮ್ಮಂಥವರಿಗೆ ಇಂಥ ಪತ್ರ ತಲುಪುವುದಾದರೂ ಹೇಗೆ? ಹೆಸರು ಮೂರು ತರಹ, ವಿಳಾಸ ಹತ್ತು ಕಡೆ. "ಹಾಗಾದರೆ ಪತ್ರ ಹಾಕಿದ್ದು ಯಾರಿಗೆ?" ಎಂದು ಆಕೆ ಕೇಳಿದ್ದು ಸರಿಯಾಗಿಯೇ ಇತ್ತು. ಆ ಖಾಸಗಿ ಸಂಸ್ಥೆಗೆ ಆಕೆಯ ಈಗಿನ ಮನೆಯ ವಿಳಾಸ ಸಿಕ್ಕಿತ್ತು ಎನ್ನುವುದನ್ನು ಮರೆಯುವಂತಿಲ್ಲ. ಪಾಲು ಸಿಗುವವರಿಗೆ ಹುಡುಕಲು ಬರುತ್ತದೆ.

ಮಗನ ಮಾತು ನನಗೆ ಹಿಡಿಸಲಿಲ್ಲ. ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುವ ಹುಡುಗ, ಅದರಲ್ಲಿ ಎರಡು ಮಾತಿಲ್ಲ. ಆದರೆ "ನೂರಿನ್ನೂರು ಡಾಲರಿಗೆ ಇಷ್ಟೆಲ್ಲ ಕಾಗದಪತ್ರ ಯಾಕಮ್ಮ, ಬಿಟ್ಟುಬಿಡು" ಎಂದು ಅವನು ತನ್ನ ಗಂಟೆಯ ಸಂಬಳದ ಲೆಕ್ಕದಲ್ಲಿ ಹೇಳಿದ. ಇಂಥ ಸಣ್ಣ ಮೊತ್ತಗಳನ್ನು ರಾಜ್ಯಗಳು ಎಂದೂ ಸಣ್ಣದೆಂದು ಬಿಟ್ಟವಲ್ಲ. ಸನ್ ಆಯಿಲ್ ಕಂಪನಿಯ ಬಳಿ ಸುಮಾರು 1,730 ಜನ ಕೇಳದೆ ಬಿಟ್ಟಿದ್ದ ಬಾಕಿ ಒಟ್ಟು 26,000 ಡಾಲರ್‌ಗಳಷ್ಟಿತ್ತು, ತಲೆಗೆ ಸರಾಸರಿ 15 ಡಾಲರ್. ಅದು ಯಾರಿಗೆ ಸೇರಬೇಕೆಂದು ಟೆಕ್ಸಾಸ್, ನ್ಯೂ ಜೆರ್ಸಿ, ಪೆನ್ಸಿಲ್ವೇನಿಯಾ, ಫ್ಲಾರಿಡಾ ನಾಲ್ಕೂ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದವು. ಹಕ್ಕುದಾರರ ಕೊನೆಯ ವಿಳಾಸ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯಕ್ಕೆ, ವಿಳಾಸವೇ ಇಲ್ಲದಿದ್ದರೆ ಕಂಪನಿ ನೋಂದಣಿಯಾದ ರಾಜ್ಯಕ್ಕೆ ಎಂದು 1965ರಲ್ಲಿ ತೀರ್ಪು ಬಂತು. ಲಕ್ಷಾಂತರ ಕಂಪನಿಗಳು ನೋಂದಣಿಯಾಗಿರುವ ಪುಟ್ಟ ಡೆಲವೇರ್ ರಾಜ್ಯಕ್ಕೆ, ಯಾರೂ ಕೇಳದೆ ಉಳಿದ ಈ ಹಣ ಇಂದಿಗೂ ದೊಡ್ಡ ಆದಾಯಮೂಲಗಳಲ್ಲಿ ಒಂದು. ಸರ್ಕಾರಗಳು ಹದಿನೈದು ಡಾಲರಿಗೂ ಹಟ ಹಿಡಿಯಬಹುದಾದರೆ, ಗಂಡ ದುಡಿದ ಸಂಬಳವನ್ನು ಹೆಂಡತಿ ಕೇಳುವುದು ಹೇಗೆ ಅತಿಯಾದೀತು? ಇದನ್ನೆಲ್ಲ ಹೇಳಿದಾಗ ಹುಡುಗ ವಾದ ಬೆಳೆಸದೆ ಪ್ರಿಂಟರ್ ಆನ್ ಮಾಡಿದ, ಅದು ಅವನ ದೊಡ್ಡ ಗುಣ.

ಹೇಳಿಕಳಿಸುವುದು ಸರ್ಕಾರಕ್ಕೆ ಆಗದ ಕೆಲಸವೇನಲ್ಲ. ಇಲಿನಾಯ್ ರಾಜ್ಯವು ತನ್ನ ಪಟ್ಟಿಯನ್ನು ತೆರಿಗೆ ಇಲಾಖೆಯ ದಾಖಲೆಗಳ ಜೊತೆ ತಾಳೆ ನೋಡಿ, ಯಾರೂ ಅರ್ಜಿ ಹಾಕದಿದ್ದರೂ ಚೆಕ್ಕು ಕಳಿಸುತ್ತದೆ. ಪೆನ್ಸಿಲ್ವೇನಿಯಾ 2024ರಲ್ಲಿ ಕಾನೂನು ಮಾಡಿ, ಒಬ್ಬರದೇ ಹೆಸರಿನಲ್ಲಿರುವ 500 ಡಾಲರ್‌ವರೆಗಿನ ಮೊತ್ತವನ್ನು ತಾನಾಗಿಯೇ ಮನೆಗೆ ಮುಟ್ಟಿಸುವ ಏರ್ಪಾಡು ಮಾಡಿತು. ತೆರಿಗೆ ಬಾಕಿ ಇದ್ದಾಗ ನಮ್ಮ ಬಾಗಿಲನ್ನು ತಪ್ಪದೆ ಹುಡುಕಿಕೊಂಡು ಬರುವ ದಾಖಲೆಗಳೇ ಇಲ್ಲಿಯೂ ಸಾಕಾಗುತ್ತವೆ. ರಾಜ್ಯ ಬಿಟ್ಟು ಹೋದವರನ್ನೂ, ಹಿಂದೆ ಉಳಿದ ವಿಧವೆಯರನ್ನೂ ತಲುಪುವುದು ಇದಕ್ಕಿಂತ ಕಷ್ಟ ಎಂದು ಒಪ್ಪುತ್ತೇನೆ. ಕಷ್ಟವಾದ ಕೆಲಸವನ್ನು ಪೂರ್ತಿಯಾಗಿ ಎಪ್ಪತ್ತು ದಾಟಿದವರ ತಲೆಗೆ ಹೊರಿಸುವುದನ್ನು ಮಾತ್ರ ಒಪ್ಪಲಾರೆ.

ಆಕೆ ಖಾಸಗಿ ಸಂಸ್ಥೆಗೆ ಸಹಿ ಹಾಕಲಿಲ್ಲ. ಮರಣ ಪ್ರಮಾಣಪತ್ರ, ತಾವೇ ವಾರಸುದಾರರೆಂಬ ಘೋಷಣೆ, ತಮ್ಮ ಗುರುತಿನ ಚೀಟಿ ಸಿದ್ಧವಿದ್ದವು. ಹಳೆಯ ವಿಳಾಸಕ್ಕೆ ಪುರಾವೆ ಬೇಕಿತ್ತು. ಯಜಮಾನರು ಜೋಡಿಸಿಟ್ಟಿದ್ದ ಫೈಲಿನಲ್ಲಿ ಆ ವರ್ಷದ ಡಬ್ಲ್ಯು-2, ಅಂದರೆ ವರ್ಷದ ಸಂಬಳ ಮತ್ತು ತೆರಿಗೆಯ ಲೆಕ್ಕವನ್ನು ಕಂಪನಿ ಬರೆದುಕೊಡುವ ಹಾಳೆ, ಸಿಕ್ಕಿತು, ಅದರಲ್ಲೂ ಊರಿನ ಹೆಸರಿನ ಅದೇ ಅಕ್ಷರ ತಪ್ಪಾಗಿತ್ತು, ಹಾಗಾಗಿ ಇನ್ನೂ ಅನುಕೂಲವೇ ಆಯಿತು. ಗುರುವಾರ ಎಲ್ಲವನ್ನೂ ಅಂಚೆಗೆ ಹಾಕಿದ್ದೇವೆ. ಅವರು ಆಮೇಲೆ ವಾಸವಿದ್ದ ರಾಜ್ಯಗಳ ಪಟ್ಟಿಗಳು ಬಾಕಿ ಇವೆ. ಅನೇಕ ರಾಜ್ಯಗಳನ್ನು ಒಟ್ಟಿಗೆ ಹುಡುಕಿಕೊಡುವ ಮಿಸ್ಸಿಂಗ್‌ಮನಿ ತಾಣದಲ್ಲಿ ಮೊದಲು ನೋಡಿ, ನಂತರ ಪ್ರತಿ ರಾಜ್ಯದ ತಾಣದಲ್ಲಿ ಊರು, ತಂದೆ, ಇನಿಷಿಯಲ್ಲು ಎಲ್ಲವನ್ನೂ ಹಿಂದುಮುಂದಾಗಿಸಿ ಹುಡುಕಬೇಕು. ಭಾನುವಾರ ಮಗನೂ ಕೂರುತ್ತೇನೆಂದಿದ್ದಾನೆ.