ಅರ್ಧ ಹಗ್ಗ

ಗಣಿತದ ಮೇಷ್ಟ್ರು ತೀರಿಕೊಂಡರು ಅಂತ ಫೋನ್ ಬಂದಾಗ ತೋಟದಲ್ಲಿ ಕಾಫಿ ಕುಯ್ಲು ನಡೆಯುತ್ತಿತ್ತು. ಕೆಲಸ ಬಿಟ್ಟು ಚಿಕ್ಕಮಗಳೂರಿಗೆ ಓಡಿದೆ. ಅಲ್ಲಿ ಸೇರಿದ್ದ ಹಳೆಯ ಗೆಳೆಯರದೆಲ್ಲ ಒಂದೇ ಮಾತು: ‘ಆ ಹಗ್ಗ ನೆನಪಿದೆಯೇನೋ?’

ಆಗ ನಾವು ಮೊದಲ ಪಿಯುಸಿ. 30, 45, 60 ಡಿಗ್ರಿಯ ಸೈನ್ ಬೆಲೆ ಹೈಸ್ಕೂಲಿನಲ್ಲೇ ಬಾಯಿಗೆ ಬಂದಿತ್ತು. 150ಕ್ಕೆ ಸೈನ್ ಎಷ್ಟು ಅಂದರೆ ಮಾತೇ ಹೊರಡುತ್ತಿರಲಿಲ್ಲ. ಶ್ರಾವಣದ ಒಂದು ದಿನ ಮಳೆ ಬಿಡುವು ಕೊಟ್ಟಾಗ ಮೇಷ್ಟ್ರು ಎಲ್ಲರನ್ನೂ ಮೈದಾನಕ್ಕೆ ಕರೆದರು. ಗೂಟ ಹೊಡೆದು, ಹಗ್ಗ ಕಟ್ಟಿ, ಸುಣ್ಣದ ಪುಡಿಯಲ್ಲಿ ದೊಡ್ಡ ವೃತ್ತ ಎಳೆದರು. ನಡುವೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ. ‘ಈ ಹಗ್ಗದ ಉದ್ದವೇ 1. ಅಡ್ಡಗೆರೆಯಿಂದ ಎಷ್ಟು ಮೇಲೆ ಅಥವಾ ಕೆಳಗೆ ಅನ್ನೋದು ಸೈನ್, ಉದ್ದಗೆರೆಯಿಂದ ಎಷ್ಟು ಬಲಕ್ಕೆ ಅಥವಾ ಎಡಕ್ಕೆ ಅನ್ನೋದು ಕಾಸ್. ಸೈನ್ ಅನ್ನು ಕಾಸ್‌ನಿಂದ ಭಾಗಿಸಿದರೆ ಟ್ಯಾನ್’ ಅಂದರು.

ಅಡ್ಡಗೆರೆಯ ಬಲತುದಿಯಿಂದ ಗಡಿಯಾರದ ಮುಳ್ಳಿಗೆ ಎದುರಾಗಿ ಎಣಿಸಿ, 30, 150, 210, 330 ಡಿಗ್ರಿಯಲ್ಲಿ ನಾಲ್ವರನ್ನು ನಿಲ್ಲಿಸಿದರು. ಹಗ್ಗವನ್ನು ಸಮವಾಗಿ ಮಡಚಿ, ಒಬ್ಬೊಬ್ಬರ ಕಾಲಿನಿಂದ ಅಡ್ಡಗೆರೆಗೆ ನೇರ ಹಿಡಿದರು. ನಾಲ್ಕೂ ಕಡೆ ಅರ್ಧ ಹಗ್ಗ ಸರಿಯಾಗಿ ಮುಟ್ಟಿತು!

‘ನಾಲ್ವರಿಗೂ ಅಡ್ಡಗೆರೆಯ ಜೊತೆ 30 ಡಿಗ್ರಿ. ಅದೇ ರೆಫರೆನ್ಸ್ ಆಂಗಲ್. ಗೆರೆಯ ಮೇಲಿದ್ದರೆ ಸೈನ್ ಅರ್ಧ, ಕೆಳಗಿದ್ದರೆ ಮೈನಸ್ ಅರ್ಧ. ಉದ್ದಗೆರೆ ಹತ್ತಿರ ಇದೆ ಅಂತ ಅದರಿಂದ ಅಳೀಬೇಡ್ರೋ.’

ಮಾರನೇ ದಿನ ಊಟದ ಹೊತ್ತಿಗೆ ನಾವು ಮೂವರು ಗೂಟ ಕಿತ್ತು ಎರಡು ಹೆಜ್ಜೆ ಆಚೆ ನೆಟ್ಟೆವು. ಮೇಷ್ಟ್ರು ಹಗ್ಗ ಎಳೆದರು. ಒಂದು ಕಡೆ ಸುಣ್ಣ ದಾಟಿ ಹೋಯಿತು, ಇನ್ನೊಂದು ಕಡೆ ಮುಟ್ಟಲೇ ಇಲ್ಲ. ನನ್ನ ಕೈಯ ಕೆಸರು ನೋಡಿದರು, ಬೈಯಲಿಲ್ಲ. 210ರಲ್ಲಿ ನಿಲ್ಲಿಸಿದರು. ‘ಸೈನ್, ಕಾಸ್, ಟ್ಯಾನ್, ಮೂರರದೂ ಚಿಹ್ನೆ ಹೇಳು, ಒಳಗೆ ಬಾ.’ ಜಿಟಿಜಿಟಿ ಮಳೆ ಶುರುವಾಯಿತು. ಕಾಲ ಕೆಳಗಿನ ಸುಣ್ಣ ಕರಗುತ್ತಿತ್ತು. ಎಡಕ್ಕಿದ್ದೇನೆ, ಕಾಸ್ ಮೈನಸ್. ಕೆಳಗಿದ್ದೇನೆ, ಸೈನ್ ಮೈನಸ್. ಭಾಗಿಸಿದರೆ ಟ್ಯಾನ್ ಪ್ಲಸ್! ಕೂಗಿ ಹೇಳಿದೆ. ಅವರೇ ಕೊಡೆ ಹಿಡಿದು ಬಂದು ಕರೆದುಕೊಂಡು ಹೋದರು. ಆ ವರ್ಷ ಗಣಿತದಲ್ಲಿ ತರಗತಿಗೇ ಜಾಸ್ತಿ ಅಂಕ ನನ್ನದು. ಇವತ್ತಿಗೂ ಅದು ನನಗೆ ಹೆಮ್ಮೆ.

ಈಗ ನನ್ನ ಮಗಳು ಅದೇ ಪಾಠ ಓದುತ್ತಿದ್ದಾಳೆ. ಟ್ಯೂಷನ್‌ನಲ್ಲಿ ಎರಡು ಪುಟದ ಪಟ್ಟಿ ಕೊಟ್ಟು ಸುಮ್ನೆ ಉರು ಹೊಡೆಯಿರಿ ಅಂದಿದ್ದಾರೆ. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಲು ಯಾರಿಗೂ ಪುರುಸೊತ್ತಿಲ್ಲ. ನನಗೆ ಬೇಜಾರಾಗುವುದು ಅಲ್ಲೇ. ಮೇಷ್ಟ್ರ ಮನೆಯಿಂದ ಬಂದ ಸಂಜೆ ಅವಳನ್ನು ಕೇಳಿದೆ: 240ಕ್ಕೆ ರೆಫರೆನ್ಸ್ ಆಂಗಲ್ ಎಷ್ಟು? ‘30’ ಅಂದಳು. ಉದ್ದಗೆರೆಯಿಂದ ಅಳೆದಿದ್ದಳು.

ಕಾಫಿ ಒಣಗಿಸುವ ಕಣದ ಒಂದು ಮೂಲೆ ಗುಡಿಸಿ ವೃತ್ತ ಎಳೆದೆ. ಅವಳು 240ರಲ್ಲಿ ನಿಂತು, ಮಡಚಿದ ಹಗ್ಗವನ್ನು ಅಡ್ಡಗೆರೆಯ ಕಡೆ ಚಾಚಿದಳು.

‘ಅಪ್ಪಾ, ಅರ್ಧ ಹಗ್ಗ ಸಾಲ್ತಿಲ್ಲ. ಹಾಗಾದ್ರೆ ಇದು 30 ಅಲ್ಲ, ಅಲ್ವಾ?’