ಪರ್ಸಿ ಗಣಿಯಲ್ಲಿ ಅಂಬಾಸಿಡರ್: ಡ್ರಿಫ್ಟ್ ಕಾರಿನ ಏಳು ತಿಂಗಳು

ಮೊನ್ನೆ ಭಾನುವಾರ ನಮ್ಮ ಅಂಬಾಸಿಡರ್ ಎರಡು ಹಳೆ ಟೈರುಗಳ ಸುತ್ತ ಮೊದಲ ಸಲ ಪೂರ್ತಿ ಒಂದು ಸುತ್ತು ಅಡ್ಡಡ್ಡ ಜಾರಿಕೊಂಡೇ ಬಂತು. ಎಂಜಿನ್ ನಿಲ್ಲಲಿಲ್ಲ. ಗಿರ್ರನೆ ತಿರುಗಿ ಹಿಂದಕ್ಕೆ ಮುಖ ಮಾಡಲೂ ಇಲ್ಲ. ನವೆಂಬರ್‌ನಿಂದ ಮಾಡಿದ್ದೆಲ್ಲ ಈ ಒಂದು ಸುತ್ತಿಗಾಗಿ. ಇನ್ನೂ ನೆನಪಿನಲ್ಲಿರುವಾಗಲೇ ಎಲ್ಲ ಬರೆದಿಡುತ್ತಿದ್ದೇನೆ. ನಮ್ಮ ಕಲಬುರಗಿ ಕಡೆ ಯಾರಾದರೂ ಇಂಥ ಕೆಲಸಕ್ಕೆ ಕೈ ಹಾಕಿದರೆ ದುಡ್ಡು ಎಲ್ಲಿ ಹಾಕಬೇಕು ಅನ್ನೋದಾದರೂ ಗೊತ್ತಾಗಲಿ.

ನವೆಂಬರ್

ಡ್ರಿಫ್ಟ್, ಅಂದರೆ ಕಾರನ್ನು ಬೇಕೆಂದೇ ಅಡ್ಡ ಜಾರಿಸಿ ಓಡಿಸುವುದು, ಕಲಿಯಲು ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರೇ ಬೇಕು. ಈಗ ರಸ್ತೆ ಮೇಲೆ ಓಡುವ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರದವು. ಕಡಿಮೆ ದುಡ್ಡಿಗೆ ಬೇಕೆಂದರೆ ಹಳೆಯದನ್ನೇ ಹುಡುಕಬೇಕು: ಕಾಂಟೆಸ್ಸಾ, ಪದ್ಮಿನಿ, ಪ್ರೀಮಿಯರ್ 118 ಎನ್‌ಇ, ಅಂಬಾಸಿಡರ್. ಕಾಂಟೆಸ್ಸಾ ನನ್ನ ಕೈಗೆ ಎಟುಕುವ ಬೆಲೆಗೆ ಸಿಗಲಿಲ್ಲ. ಪದ್ಮಿನಿಯದು 1089 ಸಿಸಿ ಎಂಜಿನ್, ಸ್ವಲ್ಪ ಬಡಕಲು. ಕೊನೆಗೆ ಸೇಡಂ ಹತ್ತಿರದ ಒಂದು ಹಳ್ಳಿಯಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದ ಅಂಬಾಸಿಡರ್ 1800 ಐಎಸ್‌ಝಡ್ ಸಿಕ್ಕಿತು. ಇಸುಜು ವಿನ್ಯಾಸದ 1.8 ಲೀಟರ್ ಪೆಟ್ರೋಲ್ ಎಂಜಿನ್, 5 ಗೇರ್. ಕಲಿಯುವವನಿಗೆ ಇದು ಬೇಕಾದಷ್ಟಾಯಿತು.

ಕಾರು ಒಬ್ಬ ನಿವೃತ್ತ ಮಾಸ್ತರರದು. ಅವರು ಬೆಲೆಗಿಂತ ಮೊದಲು ಕೇಳಿದ್ದು ಒಂದೇ ಮಾತು.

"ಗುಜರಿಗಿ ಹಾಕಾಂವ ಅಲ್ಲಲ್ಲ ನೀ?"

"ಇಲ್ರಿ ಕಾಕಾ, ಓಡಸ್ತೀನ್ರಿ."

"ಹಂಗಾದ್ರ ಒಯ್ಯಿ."

55 ಸಾವಿರಕ್ಕೆ ಮಾತು ಮುಗಿಯಿತು. ಕೊಳ್ಳುವ ಮೊದಲು ನಾನು ಎಂಜಿನ್‌ಗಿಂತ ಜಾಸ್ತಿ ಹೊತ್ತು ಕಾರಿನ ಕೆಳಗೆ ಮಲಗಿದ್ದೆ. ಅಂಬಾಸಿಡರ್‌ಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಎಲ್ಲ ಭಾರ ಹೊರಬೇಕು. ಹಿಂದಿನ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಬಾಡಿಗೆ ಕೂಡುವ ಜಾಗದಲ್ಲಿ ತುಕ್ಕು ತಿಂದಿದ್ದರೆ ಅಂಥ ಕಾರು ಬಿಟ್ಟಿ ಕೊಟ್ಟರೂ ಬೇಡ. ನಮ್ಮ ಒಣ ಹವೆಯ ಪುಣ್ಯ, ಸ್ಕ್ರೂಡ್ರೈವರ್‌ನಿಂದ ಕುಟ್ಟಿದರೆ ಎಲ್ಲ ಕಡೆ ಠಣ್ ಅಂತ ಗಟ್ಟಿ ಸದ್ದೇ ಬಂತು.

ಡಿಸೆಂಬರ್

ಮೊದಲು ಬ್ರೇಕ್. ಮಾಸ್ಟರ್ ಸಿಲಿಂಡರ್ ಕಿಟ್, ನಾಲ್ಕೂ ಚಕ್ರಕ್ಕೆ ಹೊಸ ವೀಲ್ ಸಿಲಿಂಡರ್, ಹೊಸ ಹೋಸ್ ಪೈಪು, ಹಿಂದೆ ಹೊಸ ಲೈನರ್. 11 ಸಾವಿರ ಹೋಯಿತು. ಎಂಜಿನ್‌ಗೆ ಪ್ಲಗ್, ಪಾಯಿಂಟು, ಆಯಿಲ್, ಫಿಲ್ಟರ್ ಬಿಟ್ಟು ಏನೂ ಹಾಕಿಲ್ಲ.

ಮುಂದಿನ ಉದ್ದನೆ ಸೀಟು ತೆಗೆದೆವು. ಅದರ ಮೇಲೆ ಕೂತು ಕಾರು ತಿರುಗಿಸಿದರೆ ಮೈ ಜಾರುತ್ತದೆ. ಬೀಳದಿರಲು ಸ್ಟೀರಿಂಗ್ ಹಿಡಿದು ಜೋತು ಬೀಳುತ್ತೇವೆ. ಜೋತು ಬಿದ್ದ ಕೈಯಿಂದ ಸ್ಟೀರಿಂಗ್ ಬಿಟ್ಟು ಹಿಡಿಯುವುದು ಹೇಗೆ? ಗುಜರಿಯಿಂದ ಎರಡು ಬಕೆಟ್ ಸೀಟು ತಂದು, ನೆಲದ ಕೆಳಗಡೆ 3 ಎಂಎಂ ಪ್ಲೇಟು ಕೊಟ್ಟು, 10 ಎಂಎಂ ಬೋಲ್ಟು ಹಾಕಿ ಬಿಗಿದೆವು. ಬ್ಯಾಟರಿಗೆ ಗಟ್ಟಿ ಪಟ್ಟಿ, ಬೆಂಕಿ ಆರಿಸುವ ಒಂದು ಸಿಲಿಂಡರ್, ಸೀಟ್ ಬೆಲ್ಟ್. ಹೆಲ್ಮೆಟ್ ಇಲ್ಲದೆ ಯಾರೂ ಒಳಗೆ ಕೂರುವುದಿಲ್ಲ.

ಜನವರಿ

ಇದು ಮುಖ್ಯ ಕೆಲಸ, ಡಿಫರೆನ್ಷಿಯಲ್ ಲಾಕ್ ಮಾಡುವುದು. ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಪೆಟ್ಟಿಗೆ ಅದು.

ಮಾಮೂಲಿ ಡಿಫರೆನ್ಷಿಯಲ್ ಇರುವುದು ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ, ಒಳಗಿನದು ಕಡಿಮೆ ತಿರುಗಲಿ ಅಂತ. ರಸ್ತೆಗೆ ಅದು ಬೇಕೇ ಬೇಕು. ಡ್ರಿಫ್ಟ್‌ನಲ್ಲಿ ಅದೇ ಅಡ್ಡಿ. ತಿರುವಿನಲ್ಲಿ ಒಳಗಿನ ಚಕ್ರದ ಮೇಲೆ ಭಾರ ಕಡಿಮೆಯಾಗುತ್ತದೆ, ಆಕ್ಸಿಲರೇಟರ್ ಒತ್ತಿದ ಕೂಡಲೇ ಅದೊಂದೇ ಸುಮ್ನೆ ಗರಗರ ತಿರುಗುತ್ತದೆ. ಹೊರಗಿನ ಚಕ್ರಕ್ಕೆ ತಳ್ಳುವ ಬಲವೇ ಸಿಗುವುದಿಲ್ಲ. ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗಿದರೆ ಮಾತ್ರ ಹಿಂಭಾಗ ಒಟ್ಟಿಗೆ ಜಾರುತ್ತದೆ, ಒಟ್ಟಿಗೆ ನಿಲ್ಲುತ್ತದೆ. ದುಡ್ಡಿದ್ದವರು ಲಿಮಿಟೆಡ್ ಸ್ಲಿಪ್, ಅಂದರೆ ಒಂದೇ ಚಕ್ರ ಸುಮ್ನೆ ತಿರುಗದ ಹಾಗೆ ತಡೆಯುವ ಡಿಫರೆನ್ಷಿಯಲ್, ಹಾಕುತ್ತಾರೆ. ನಮಗೆ ವೆಲ್ಡಿಂಗೇ ದಾರಿ.

ಕಪನೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಬ್ಬ ವೆಲ್ಡಿಂಗ್ ಭಾಯ್ ಇದ್ದಾರೆ. ಕ್ರಷರ್‌ಗಳ ಒಡೆದ ಭಾಗ ಕೂಡಿಸಿ ಕೂಡಿಸಿ ಪಳಗಿದ ಕೈ. ಒಳಗಿನ ಸ್ಟಾರ್ ಗೇರುಗಳನ್ನು ಒಂದಕ್ಕೊಂದು ಕೂಡಿಸಬೇಕು ಅಂದಾಗ ನನ್ನ ಮುಖ ನೋಡಿದರು. "ಇಷ್ಟು ಚಲೋ ಗೇರ್ ಯಾಕ ಕೆಡಸ್ತೀರಿ ಅಣ್ಣಾ?" ಯಾಕೆಂದು ಹೇಳಿದೆ. ಕೇಳಿ, ಒಂದು ಚಹಾ ಕುಡಿದು, ಕೆಲಸ ಶುರು ಮಾಡಿದರು.

ಈ ಕೆಲಸದಲ್ಲಿ ಆತುರ ಮಾಡಿದರೆ ವೆಲ್ಡಿಂಗ್ ಬಿರುಕು ಬಿಡುತ್ತದೆ. ಗೇರುಗಳು ಗಟ್ಟಿ ಉಕ್ಕು, ಅದರ ಮೇಲೆ ವರ್ಷಗಟ್ಟಲೆ ಆಯಿಲ್ ಕುಡಿದಿವೆ. ಮೊದಲು ಸೀಮೆಎಣ್ಣೆಯಲ್ಲಿ ಎರಡು ಸಲ ತೊಳೆದು, ಒಣಗಿಸಿ, ಆಮೇಲೆ ಗ್ಯಾಸ್ ಜ್ವಾಲೆ ಹಿಡಿದೆವು. ಉಳಿದ ಎಣ್ಣೆ ಬೆವರಿನ ಹಾಗೆ ಹೊರಗೆ ಬಂತು. ಹೊಗೆ ನಿಲ್ಲುವವರೆಗೂ ಕಾಯಿಸಿದೆವು. ಬೇರಿಂಗುಗಳನ್ನು ಮೊದಲೇ ಕಿತ್ತಿಟ್ಟಿದ್ದೆವು. ವೆಲ್ಡಿಂಗ್ ಕರೆಂಟು ಬೇರಿಂಗ್ ಮೂಲಕ ಹರಿದರೆ ಅದರ ಗುಂಡುಗಳ ಮೇಲೆ ಚುಕ್ಕೆ ಬಿದ್ದು ಹಾಳಾಗುತ್ತವೆ. ಒಣಗಿಸಿದ 7018 ವೆಲ್ಡಿಂಗ್ ರಾಡ್ ಹಾಕಿ, ಒಂದು ಬದಿ ಒಂದಿಷ್ಟು, ಎದುರು ಬದಿ ಒಂದಿಷ್ಟು ಅಂತ ಬದಲಿಸುತ್ತ ಹೋದರು. ಪ್ರತಿ ಸಲ ಮೇಲಿನ ಕಿಟ್ಟ ಕುಟ್ಟಿ ತೆಗೆದು, ತಂತಿ ಬ್ರಷ್ ಹೊಡೆದು, ಬಗ್ಗಿ ನೋಡಿ ಮತ್ತೆ ಶುರು. ಮುಗಿದ ಮೇಲೆ ನೀರು ಹಾಕಲಿಲ್ಲ, ಗಾಳಿಗೂ ಇಡಲಿಲ್ಲ. ಬಿಸಿ ಬೂದಿಯಲ್ಲಿ ಹೂತು ಮರುದಿನ ಬೆಳಿಗ್ಗೆ ತೆಗೆದೆವು. ಬೂದಿ ಕೊಡವಿದಾಗ ವೆಲ್ಡಿಂಗ್ ಸಾಲು ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಕೂತಿತ್ತು. ಎಲ್ಲೂ ಗೀರಿಲ್ಲ. ಅಷ್ಟು ಚಂದದ ಕೆಲಸ ಒಳಗೆ ಮುಚ್ಚಿಹೋಗುತ್ತದಲ್ಲ ಅಂತ ಬೇಜಾರಾಗಿ ಫೋಟೋ ತೆಗೆದುಕೊಂಡೆ.

ಇನ್ನು ಈ ಕಾರು ರಸ್ತೆಗೆ ಬರುವುದಿಲ್ಲ. ಲಾಕ್ ಆದ ಡಿಫರೆನ್ಷಿಯಲ್ ಟಾರು ರಸ್ತೆಯ ತಿರುವಿನಲ್ಲಿ ಟೈರನ್ನು ಉಜ್ಜುತ್ತದೆ, ಎಕ್ಸೆಲ್‌ಗೆ ವಿಪರೀತ ಒತ್ತಡ. ಕಂಪನಿ ಕೊಟ್ಟ ಗಾಡಿಯ ಸ್ವರೂಪ ಬದಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ. ಅದಕ್ಕೇ ಕಾರು ಓಡಾಡುವುದು ಟ್ರ್ಯಾಕ್ಟರ್ ಟ್ರೈಲರ್ ಮೇಲೆ. ರಿಂಗ್ ರೋಡಿನಲ್ಲಿ ರಾತ್ರಿ ಗಾಡಿ ತಿರುಗಿಸುವ ಹುಡುಗರಿಗೂ ನಾನು ಹೇಳುವುದು ಇಷ್ಟೇ: ಎದುರಿಗೆ ಬರುವವರಿಗೆ ನಿಮ್ಮ ಆಟ ಗೊತ್ತಿರುವುದಿಲ್ಲ. ಖಾಲಿ ಜಾಗ ಹುಡುಕಿ, ಜಾಗದವರನ್ನು ಕೇಳಿ.

ಫೆಬ್ರವರಿ, ಮಾರ್ಚ್

ನಮಗೆ ಜಾಗ ಸಿಕ್ಕಿದ್ದು ಶಹಾಬಾದ್ ಕಡೆ. ಸೋದರಮಾವನ ಪರ್ಸಿ (ನೆಲಕ್ಕೆ ಹಾಸುವ ಕಲ್ಲು) ಗಣಿಯಲ್ಲಿ ಕೆಲಸ ನಿಂತು ವರ್ಷಗಳಾಗಿವೆ. ಕಲ್ಲು ಪೇರಿಸುತ್ತಿದ್ದ ಅಂಗಳ ಹಾಗೇ ಇದೆ. ಕೆಳಗೆ ಗಟ್ಟಿ ಹಾಸುಗಲ್ಲು, ಮೇಲೆ ಬೆರಳ ದಪ್ಪ ಕಲ್ಲಿನ ಪುಡಿ. ಎರೆ ಹೊಲದಲ್ಲಿ ಈ ಕೆಲಸ ಆಗುವುದಿಲ್ಲ. ಒಣಗಿದ್ದರೆ ಬಿರುಕು, ಹಸಿಯಿದ್ದರೆ ಚಕ್ರ ಹೂತುಹೋಗುತ್ತದೆ. ಕಲ್ಲಿನ ಪುಡಿ ಮೇಲೆ ಮಾತ್ರ ಟೈರು ಸುಲಭವಾಗಿ ಜಾರುತ್ತದೆ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲೇ ಎಲ್ಲ ಕಲಿಯಬಹುದು. ಟೈರೂ ಹೆಚ್ಚು ಸವೆಯುವುದಿಲ್ಲ. ಗಣಿ ಹೊಂಡದ ಕಡೆ ದೊಡ್ಡ ಕಲ್ಲು ಅಡ್ಡ ಇಟ್ಟು, ಅದರಿಂದ 40 ಮೀಟರ್ ಈಚೆಗೆ ನಮ್ಮ ಗೆರೆ ಹಾಕಿಕೊಂಡೆವು.

ಮೊದಲ ದಿನ ಫಸ್ಟ್ ಗೇರ್, ಸ್ಟೀರಿಂಗ್ ಪೂರ್ತಿ ಬಲಕ್ಕೆ, ಆಕ್ಸಿಲರೇಟರ್. ಹಿಂಭಾಗ ಜಾರಲು ಶುರುವಾಯಿತು, ಅಷ್ಟರಲ್ಲೇ ಧಡ ಧಡ ಧಡ. ಕಾರೇ ಕಿತ್ತುಹೋಗುತ್ತದೆ ಅನ್ನಿಸಿತು. ನಿಲ್ಲಿಸಿದೆ. ತಮ್ಮ ಹೊರಗೆ ನಿಂತು ಫೋನಿನಲ್ಲಿ ನಿಧಾನ ಗತಿಯ ವಿಡಿಯೋ ತೆಗೆದ. ಅದರಲ್ಲಿ ಎಲ್ಲ ಕಂಡಿತು. ಶಕ್ತಿ ಬಂದಾಗ ಹಿಂದಿನ ಎಕ್ಸೆಲ್ ತಿರುಚಿಕೊಳ್ಳುತ್ತದೆ, ಕಮಾನು ಪಟ್ಟಿ ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಬಾಗುತ್ತದೆ, ಚಕ್ರದ ಹಿಡಿತ ತಪ್ಪಿದ ಕೂಡಲೇ ಪಟ್ಟಿ ಚಿಮ್ಮಿ ವಾಪಸ್ ಬರುತ್ತದೆ. ಮತ್ತೆ ಹಿಡಿತ, ಮತ್ತೆ ತಿರುಚು. ಒಂದು ಸೆಕೆಂಡಿನಲ್ಲಿ ಎಷ್ಟೋ ಸಲ.

ಲಾರಿ ಕಮಾನು ಕಟ್ಟುವ ಅಂಗಡಿಯ ಕಾಕಾ ಆ ವಿಡಿಯೋವನ್ನು ಮೂರು ಸಲ ನೋಡಿದರು. ಹೊಸ ಪಟ್ಟಿ ಬೇಡ ಅಂದರು. ಎಕ್ಸೆಲ್‌ನಿಂದ ಮುಂದಿನ ಅರ್ಧಕ್ಕೆ ಮಾತ್ರ ಎರಡೆರಡು ಕ್ಲಾಂಪ್ ಬಿಗಿದು, ಪಟ್ಟಿಗಳನ್ನು ಒಂದೇ ತುಂಡಿನ ಹಾಗೆ ಮಾಡಿದರು. ಹಿಂದಿನ ಅರ್ಧ ಸಡಿಲವಾಗೇ ಇರಬೇಕು, ಇಲ್ಲದಿದ್ದರೆ ಕುಣಿಯಲು ಜಾಗವೇ ಇರುವುದಿಲ್ಲ. "ಮುಂದ ಬಿಗಿ, ಹಿಂದ ಬಿಡು. ನಡೀತದ ನೋಡು." ಹಳೇ ಬುಷ್ ತೆಗೆದು ಹೊಸವು, ಹಿಂದೆ ಹೊಸ ಶಾಕ್ ಅಬ್ಸಾರ್ಬರ್. ಧಡಧಡ ಮುಕ್ಕಾಲು ಭಾಗ ಹೋಯಿತು.

ಡ್ರಿಫ್ಟ್‌ಗೆ ಹೆಸರಾದ ಟೊಯೊಟಾ ಎಇ86 ಕಾರಿನಲ್ಲೂ ಹಿಂದೆ ಇಡೀ ಎಕ್ಸೆಲ್ಲೇ ಇರುವುದು, ಎಂಜಿನ್ 1.6 ಲೀಟರ್. ನಮ್ಮದಕ್ಕಿಂತ ಹಗುರ, ಕಾಯಿಲ್ ಸ್ಪ್ರಿಂಗ್ ಇದೆ, ಅದು ಬೇರೆ ಮಾತು. ಆದರೆ ಹಿಂದೆ ಗಟ್ಟಿ ಎಕ್ಸೆಲ್ ಇದ್ದರೆ ಡ್ರಿಫ್ಟ್ ಆಗುವುದಿಲ್ಲ ಅನ್ನುವವರ ಮಾತು ಕೇಳಬೇಡಿ.

ಹ್ಯಾಂಡ್ ಬ್ರೇಕ್ ಕೂಡ ಇದೇ ಹೊತ್ತಿಗೆ ಆಯಿತು. ಬೇರೆ ಕಾರಿನ ಲಿವರ್ ತಂದು ಎರಡು ಸೀಟಿನ ನಡುವೆ ಕೂರಿಸಿ, ಒಳಗಿನ ಹಲ್ಲು ಕಚ್ಚುವ ಕೊಂಡಿ ತೆಗೆದೆವು. ಎಳೆದಾಗ ಹಿಡಿಯುತ್ತದೆ, ಬಿಟ್ಟ ಕೂಡಲೇ ಬಿಡುತ್ತದೆ. ಕಾರು ನಿಲ್ಲಿಸಿದಾಗ ಚಕ್ರಕ್ಕೆ ಕಲ್ಲು ಕೊಡಲು ಮರೆಯಬಾರದು.

ಏಪ್ರಿಲ್, ಮೇ

ಬಿಸಿಲು. ಬೆಳಿಗ್ಗೆ 6ಕ್ಕೆ ಶುರು, 9ಕ್ಕೆ ಮುಕ್ತಾಯ. ಒಂದೇ ಜಾಗದಲ್ಲಿ ಸುತ್ತುವಾಗ ಎಂಜಿನ್ ಜೋರಾಗಿ ತಿರುಗುತ್ತದೆ, ಎದುರು ಗಾಳಿ ಮಾತ್ರ ಇರುವುದಿಲ್ಲ. ರೇಡಿಯೇಟರ್ ಬಿಚ್ಚಿ ಒಳಗಿನ ಕೋರ್ ಬದಲಿಸಿ, ಎಲೆಕ್ಟ್ರಿಕ್ ಫ್ಯಾನ್ ಹಾಕಿದೆವು. ಐದು ನಿಮಿಷ ಸುತ್ತು, ಹತ್ತು ನಿಮಿಷ ಬಾನೆಟ್ ತೆಗೆದು ವಿಶ್ರಾಂತಿ. ಅಲೈನ್‌ಮೆಂಟ್ ಅಂಗಳದಲ್ಲೇ ದಾರ ಕಟ್ಟಿ ಮಾಡಿದ್ದು, ಮುಂದಿನ ಚಕ್ರ 2 ಎಂಎಂ ಹೊರಮುಖ.

ಜೂನ್

ಒಂದು ತೊಂದರೆ ಎರಡು ವಾರ ನಿದ್ದೆ ಕೆಡಿಸಿತು. ಎಡಕ್ಕೆ ಸುತ್ತಿದರೆ ಎಂಜಿನ್ ಚಲೋ ಓಡುತ್ತದೆ. ಬಲಕ್ಕೆ ಸುತ್ತಿದರೆ ಮುಕ್ಕಾಲು ಸುತ್ತಿಗೆ ಉಸಿರು ಕಟ್ಟಿದ ಹಾಗೆ ನಿಲ್ಲುತ್ತದೆ. ಕಾರ್ಬುರೇಟರ್ ಫ್ಲೋಟ್ ಇರಬೇಕು ಅಂತ ಎರಡು ಸಲ ಬಿಚ್ಚಿದೆ, ಜೆಟ್ ತೊಳೆದೆ, ಮಟ್ಟ ಸರಿಪಡಿಸಿದೆ. ಏನೂ ಬದಲಾಗಲಿಲ್ಲ. ಕೊನೆಗೆ ತಮ್ಮನೇ ಕೇಳಿದ, "ಟ್ಯಾಂಕಿನಾಗ ಎಷ್ಟ್ ಅದ?" 5 ಲೀಟರ್. ಬೆಂಕಿಯ ಭಯಕ್ಕೆ, ಭಾರ ಕಡಿಮೆ ಇರಲಿ ಅಂತ, ನಾನು ಯಾವಾಗಲೂ ಅಷ್ಟೇ ಹಾಕುತ್ತಿದ್ದೆ. ಸುತ್ತುವಾಗ ಪೆಟ್ರೋಲೆಲ್ಲ ಒಂದು ಬದಿಗೆ ಸರಿದು, ಹೀರುವ ಪೈಪಿನ ಬಾಯಿಗೆ ಗಾಳಿ ಸಿಗುತ್ತಿತ್ತು. ಅರ್ಧ ಟ್ಯಾಂಕ್ ತುಂಬಿಸಿದ ಮೇಲೆ ಎರಡೂ ಬದಿ ಒಂದೇ ಥರ ಓಡಿತು.

ಆ ದಿನವೇ ಆ ಪೂರ್ತಿ ಸುತ್ತು ಬಂದದ್ದು. ಹೇಗೆ ಬಂತು ಅಂದರೆ, ಬಾನೆಟ್ ನೋಡುವುದು ಬಿಟ್ಟು ಪಕ್ಕದ ಕಿಟಕಿಯಿಂದ ನಡುವಿನ ಟೈರನ್ನೇ ನೋಡಿದೆ. ಸ್ಟೀರಿಂಗ್ ಹಿಡಿತ ಸಡಿಲ ಬಿಟ್ಟೆ, ಅದು ತಾನೇ ಎದುರು ದಿಕ್ಕಿಗೆ ತಿರುಗಿತು. ಪಾದ ಸ್ವಲ್ಪ ಒತ್ತಿದರೆ ಬಾಲ ಹೊರಗೆ ಹೋಗುತ್ತದೆ, ಸ್ವಲ್ಪ ಎತ್ತಿದರೆ ಒಳಗೆ ಬರುತ್ತದೆ. ಕಾರಿನ ಬೆಲೆ ಬಿಟ್ಟು ಇಲ್ಲಿವರೆಗೆ 41 ಸಾವಿರ ಆಗಿದೆ. ಎಂಟರ ಆಕಾರ ಇನ್ನೂ ಬಂದಿಲ್ಲ. ಬದಿ ಬದಲಿಸುವಾಗ ಸೆಕೆಂಡ್ ಗೇರಿಗೆ ಹೋಗಬೇಕು, ಅಲ್ಲಿ ಪ್ರತಿ ಸಲ ಕರ್ ಅಂತ ಹಲ್ಲು ಕಡಿಯುತ್ತದೆ, ಅಷ್ಟರಲ್ಲಿ ಜಾರು ತಪ್ಪಿಹೋಗುತ್ತದೆ.

ಮಾಸ್ತರ್ ಕಾಕಾರಿಗೆ ಫೋನ್ ಮಾಡಿ ಕರೆಸಿದ್ದೆ. ಕಲ್ಲಿನ ಮೇಲೆ ಟವೆಲ್ ಹಾಸಿಕೊಂಡು ಬೆಳಗೆಲ್ಲ ನೋಡಿದರು. ಆಮೇಲೆ ಹೆಲ್ಮೆಟ್ ಕೇಳಿ ಹಾಕಿಸಿಕೊಂಡು ಪಕ್ಕದಲ್ಲಿ ಕೂತರು. ಎರಡು ಸುತ್ತು ಆಯಿತು. ಡ್ಯಾಶ್‌ಬೋರ್ಡ್ ಮೇಲೆ ಒಂದು ಕೈ ಇಟ್ಟುಕೊಂಡಿದ್ದರು, ಮಾತಿಲ್ಲ. ಮೂರನೇ ಸುತ್ತಿನಲ್ಲಿ ನಾನು ಸೆಕೆಂಡಿಗೆ ಹಾಕಿದೆ, ಕರ್ ಅಂತು.

"ನ್ಯೂಟ್ರಲ್‌ದಾಗ ಒಂದ್ ಕ್ಷಣ ತಡದು ಹಾಕು," ಅಂದರು. "ಅದು ಮೊದಲಿಂದ ಹಂಗೇ ಅದ."